ಮಾಸ್ತರರನ್ನು ಮುಂದಾಳುಗಳನ್ನಾಗಿಸಿದ ಡೆಪ್ಯುಟಿ ಚನ್ನಬಸಪ್ಪನವರು

1956ರ ನವೆಂಬರ 1ರಂದು ಕನ್ನಡನಾಡು ಒಂದಾಯಿತು. ಅದಕ್ಕೂ ಸುಮಾರು ನೂರು ವರ್ಷಗಳ ಹಿಂದೆ, ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಕನ್ನಡವು ಶಾಲೆಯ ಭಾಷೆಯಾಗಿ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಯೇ ಎದ್ದಿತ್ತು. ಆ ಕಷ್ಟಕಾಲದಲ್ಲಿ ಕನ್ನಡಕ್ಕೆ ಆಸರೆಯಾಗಿ ನಿಂತವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು. ಅವರು ವಿದ್ಯೆ ಕಲಿತ ಊರು ನಮ್ಮ ಈ ಪುಣೆಯೇ ಎಂಬುದು ಇಲ್ಲಿಯ ಕನ್ನಡಿಗರಿಗೆ ಅಭಿಮಾನದ ಸಂಗತಿ.

ಚನ್ನಬಸಪ್ಪನವರು ಧಾರವಾಡದವರು. ಮನೆಯ ಮಾತು ಕನ್ನಡವಾದರೂ ಮೊದಲು ಕಲಿತದ್ದು ಮರಾಠಿ ಶಾಲೆಯಲ್ಲಿ. ಹೆಚ್ಚಿನ ವಿದ್ಯೆಯ ಹಂಬಲದಿಂದ ಪುಣೆಗೆ ಹೊರಟರು. ಆಗ ಧಾರವಾಡಕ್ಕೆ ರೈಲು ಬಂದಿರಲಿಲ್ಲ; ಸುಮಾರು 250 ಮೈಲಿಯ ಹಾದಿಯನ್ನು ಅವರು ಕಾಲ್ನಡಿಗೆಯಿಂದಲೇ ಸವೆಸಿದರು. ಇಲ್ಲಿ ಇಂಗ್ಲಿಷ್ ಕಲಿತು, ಎಂಜಿನಿಯರಿಂಗ್ ವಿದ್ಯೆಯನ್ನೂ ಪಡೆದರು. ಅದನ್ನೇ ಹಿಡಿದು ಮುಂದುವರಿದಿದ್ದರೆ ಸುಖಜೀವನಕ್ಕೇನೂ ಕೊರತೆಯಿರುತ್ತಿರಲಿಲ್ಲ. ಆದರೆ ಅವರು ಆರಿಸಿಕೊಂಡದ್ದು ಶಿಕ್ಷಣ ಖಾತೆಯನ್ನು.

ಆ ಕಾಲದ ಪುಣೆಯಲ್ಲಿ ಮರಾಠಿಯು ಹೊಸ ವಿದ್ಯೆಯ ಭಾಷೆಯಾಗಿ ಬೆಳೆಯುತ್ತಿತ್ತು. ಮೇಜರ್ ಕ್ಯಾಂಡಿಯವರ ಕಣ್ಣಡಿಯಲ್ಲಿ ಶಾಲಾಪುಸ್ತಕಗಳು ಸಿದ್ಧವಾಗುತ್ತಿದ್ದವು. ದಕ್ಷಿಣಾ ನಿಧಿಯಿಂದ ಗ್ರಂಥಕರ್ತರಿಗೆ ಪ್ರೋತ್ಸಾಹ ದೊರೆಯುತ್ತಿತ್ತು. ಪುಸ್ತಕ ಮತ್ತು ಮಾಸ್ತರ, ಇವೆರಡೂ ಕೂಡಿದರೇನೇ ಒಂದು ಭಾಷೆ ಶಾಲೆಯಲ್ಲಿ ನೆಲೆಯೂರುವುದೆಂಬ ಪಾಠವು ಈ ಊರಿನಲ್ಲಿ ಕಣ್ಣೆದುರಿಗೇ ಇತ್ತು.

ಕನ್ನಡ ಜಿಲ್ಲೆಗಳಲ್ಲಿ ಈ ಎರಡಕ್ಕೂ ಬರ. ಪೇಶವೆಯರ ಆಡಳಿತವು 1818ರಲ್ಲಿ ಮುಗಿದಿದ್ದರೂ ಕಚೇರಿಗಳಲ್ಲಿ ಮರಾಠಿಯ ಬಳಕೆ ಬಲವಾಗಿಯೇ ಉಳಿದಿತ್ತು. ನೌಕರಿಯ ಆಸೆಯಿಂದ ಕನ್ನಡ ತಂದೆತಾಯಿಗಳೂ ಮಕ್ಕಳನ್ನು ಮರಾಠಿ ಶಾಲೆಗೇ ಕಳಿಸುತ್ತಿದ್ದರು. ಸರಕಾರವು ಕನ್ನಡ ಶಾಲೆ ತೆರೆಯಲು ಆಜ್ಞೆ ಮಾಡಬಹುದು; ಆದರೆ ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ಎಲ್ಲಿಂದ ಬರಬೇಕು? ಕಲಿಸುವವನಿಗೇ ತನ್ನ ಭಾಷೆಯಲ್ಲಿ ನಂಬಿಗೆಯಿಲ್ಲದಿದ್ದರೆ ಊರಿನವರಿಗೆ ಅದು ಹೇಗೆ ಬಂದೀತು?

ಚನ್ನಬಸಪ್ಪನವರು ಕೈಯಿಟ್ಟದ್ದು ಈ ಬೇರಿಗೇ. ಮಾಸ್ತರರನ್ನು ತಯಾರಿಸುವ ನಾರ್ಮಲ್ ಸ್ಕೂಲಿನಲ್ಲಿ ದುಡಿದು, ಮುಂದೆ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಅವರು ಹಳ್ಳಿಹಳ್ಳಿಗಳನ್ನು ಸುತ್ತಿದರು. ಆ ಹುದ್ದೆಯ ಹೆಸರು ಅವರ ಹೆಸರಿಗೇ ಅಂಟಿಕೊಂಡಿತು. ಮೇಲಧಿಕಾರಿ ರಸೆಲ್ ಸಾಹೇಬರೂ ಕನ್ನಡದ ಪಕ್ಷಪಾತಿಗಳಾಗಿದ್ದುದು ಸುದೈವ. ಹೀಗೆ ಕನ್ನಡ ಶಾಲೆಗಳು ಒಂದೊಂದಾಗಿ ತಲೆಯೆತ್ತಿದವು.

ಹಳ್ಳಿಯ ಮಾಸ್ತರನು ಒಂಟಿ. ತರಬೇತಿ ಮುಗಿಸಿ ಊರು ಸೇರಿದ ಮೇಲೆ ಅವನಿಗೆ ಹೊಸ ವಿಚಾರ ಮುಟ್ಟಿಸುವವರಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ 1865ರಲ್ಲಿ ಬೆಳಗಾವಿಯಿಂದ ಮಠಪತ್ರಿಕೆ ಹೊರಟಿತು. ಆ ಕಾಲದಲ್ಲಿ ಶಾಲೆಗೆ ಮಠವೆಂಬ ಹೆಸರೂ ಇತ್ತು. ಶಿಕ್ಷಕರಿಗಾಗಿಯೇ ಹುಟ್ಟಿದ ಈ ಪತ್ರಿಕೆಯು ಮುಂದೆ ಶಾಲಾಪತ್ರಿಕೆಯಾಗಿ, ಇಪ್ಪತ್ತನೆಯ ಶತಮಾನದಲ್ಲಿ ಜೀವನ ಶಿಕ್ಷಣವೆಂಬ ಹೆಸರು ತಳೆದು ಬಾಳಿತು.

ಅವರ ಕಾಲದ ಶಿಕ್ಷಣ ಖಾತೆಯು ಪಂಡಿತರ ಬಳಗವೇ ಆಗಿತ್ತು. ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದರು; ವೆಂಕಟ ರಂಗೋ ಕಟ್ಟಿಯವರು ಗ್ರಂಥಗಳನ್ನು ಬರೆದರು. ಚನ್ನಬಸಪ್ಪನವರೂ ಸುಮ್ಮನೆ ಕೂಡಲಿಲ್ಲ. ಶೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನು ನಗದವರನ್ನು ನಗಿಸುವ ಕಥೆಯೆಂದು ಕನ್ನಡಕ್ಕೆ ಇಳಿಸಿದರು. ಅಧಿಕಾರಿಯೇ ಬರೆಯತೊಡಗಿದರೆ ಕೈಕೆಳಗಿನ ಮಾಸ್ತರನಿಗೆ ಅದಕ್ಕಿಂತ ದೊಡ್ಡ ಪ್ರೋತ್ಸಾಹ ಇನ್ನೇನಿದೆ?

1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಒಬ್ಬನ ಬಲದ ಮೇಲೆಯೇ ನಿಂತ ಕಾರ್ಯವಾಗಿದ್ದರೆ ಅಂದೇ ಕುಸಿಯಬೇಕಾಗಿತ್ತು. ಹಾಗಾಗಲಿಲ್ಲ. ಶಾಲೆಗಳು ನಡೆದವು, ಪತ್ರಿಕೆ ನಡೆಯಿತು. ಕನ್ನಡ ಓದಬಲ್ಲ, ಕನ್ನಡಕ್ಕಾಗಿ ಕೂಡಬಲ್ಲ ಜನ ಬೆಳೆದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದಾಗ ಅದಕ್ಕೆ ನೆಲ ಹದವಾಗಿಯೇ ಇತ್ತು.

ಚನ್ನಬಸಪ್ಪನವರು ಕನ್ನಡವನ್ನು ಕಟ್ಟಲು ಮರಾಠಿಯನ್ನು ಹಳಿಯಬೇಕಾಗಲಿಲ್ಲ. ತಮ್ಮ ಮಾಸ್ತರರ ಬೆನ್ನ ಮೇಲೆ ಕೈಯಿಟ್ಟರು, ಅಷ್ಟೆ. ಮರಾಠಿಯ ನೆರಳಿನಲ್ಲಿಯೇ ಬಾಳುವ ನಾವು ಇದನ್ನು ಮರೆಯಬಾರದು. ಶಾಲೆಗೆ ಕಟ್ಟಡ ಬೇಕು, ಹಣವೂ ಬೇಕು. ಆದರೆ ಮೊದಲು ಬೇಕಾದುದು ಧೈರ್ಯವುಳ್ಳ ಮಾಸ್ತರ. ನಮ್ಮ ಮಕ್ಕಳಿಗೆ ಕನ್ನಡ ಕಲಿಸುವವರನ್ನು ಗೌರವಿಸಿ, ಅವರಿಗೆ ಪುಸ್ತಕ, ಜೊತೆ, ಬೆಂಬಲ ಒದಗಿಸುವುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಕಾಣಿಕೆ.