ಕಾನೂನನ್ನು ಹಳ್ಳಿಯ ಬಾಗಿಲಿಗೆ ತಂದ ಮೊಳಹಳ್ಳಿ ಶಿವರಾಯರು

ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ದೇಶದಾದ್ಯಂತ ಸಹಕಾರ ಸಪ್ತಾಹ ನಡೆಯುತ್ತದೆ. ಆ ದಿನಗಳಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಹಕಾರಿಗಳು ತಪ್ಪದೆ ಸ್ಮರಿಸುವ ಹೆಸರು ಮೊಳಹಳ್ಳಿ ಶಿವರಾಯರದು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಸಹಕಾರ ಪಿತಾಮಹ ಎಂಬ ಗೌರವ ಅವರಿಗೆ ಸಂದಿದೆ. ಆದರೆ ವೃತ್ತಿಯಿಂದ ಅವರು ಪುತ್ತೂರಿನ ವಕೀಲರು ಎಂಬುದನ್ನು ಸ್ಮರಿಸುವವರು ಕಡಿಮೆ. ಅವರು ಕಟ್ಟಿದ ಸಂಸ್ಥೆಗಳು ಶತಮಾನ ದಾಟಿಯೂ ಉಳಿದುದೇಕೆ ಎಂದು ವಿಚಾರಿಸಿದರೆ ಉತ್ತರ ದೊರೆಯುವುದು ಈ ವಕೀಲಿಯಲ್ಲಿಯೇ. ಕಾನೂನು ಬಲ್ಲವರು ಸ್ಥಳೀಯ ಆಡಳಿತಕ್ಕೆ ಇಳಿದರೆ ಏನಾಗಬಹುದೆಂಬುದಕ್ಕೆ ಅವರ ಜೀವನ ಒಂದು ನಿದರ್ಶನ.

ಪುತ್ತೂರಿನ ವಕೀಲ

ಶಿವರಾಯರು ಜನಿಸಿದ್ದು 1880ರಲ್ಲಿ. ಅವರ ಹೆಸರಿನೊಡನಿರುವ ಮೊಳಹಳ್ಳಿ ಕುಂದಾಪುರದ ಕಡೆಯ ಊರಾದರೂ ಅವರ ಕರ್ಮಭೂಮಿಯಾದುದು ಪುತ್ತೂರು. ಕಾನೂನು ಓದಿ ಬಂದು ಅವರು ಅಲ್ಲಿಯೇ ವಕೀಲಿ ಆರಂಭಿಸಿದರು. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಇಂದಿನ ಪುತ್ತೂರು, ಸುಳ್ಯ ಮತ್ತು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಕಡಬ, ಇವೆಲ್ಲ ಹಳೆಯ ಉಪ್ಪಿನಂಗಡಿ ತಾಲ್ಲೂಕಿನ ಭಾಗಗಳಾಗಿದ್ದವು. ಘಟ್ಟದ ಬುಡದವರೆಗೆ ಹಬ್ಬಿದ ಕಾಡು, ಕಣಿವೆಗಳಲ್ಲಿ ಅಡಿಕೆ ತೋಟ, ಬಯಲಲ್ಲಿ ಭತ್ತದ ಗದ್ದೆ. ಮಳೆಗಾಲದಲ್ಲಿ ನೇತ್ರಾವತಿ, ಕುಮಾರಧಾರಾ ನದಿಗಳು ತುಂಬಿ ಹರಿದರೆ ಒಂದು ಊರಿಗೂ ಮತ್ತೊಂದು ಊರಿಗೂ ಸಂಪರ್ಕವೇ ಇಲ್ಲದ ಕಾಲವದು.

ಈ ಪ್ರದೇಶದ ರೈತನಿಗೆ ನಗದು ಹಣವೆಂಬುದು ಮೊದಲಿನಿಂದಲೂ ತಲೆನೋವಿನ ಸಂಗತಿ. ಕೊಡಗಿನ ಅರಸರ ಅಧೀನದಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು 1834ರಲ್ಲಿ ಕೊಡಗು ಕುಂಪಣಿ ಸರಕಾರದ ವಶವಾದ ಬಳಿಕ ದಕ್ಷಿಣ ಕನ್ನಡಕ್ಕೆ ಸೇರಿಸಲಾಯಿತು. ಕಂದಾಯವನ್ನು ನಗದಾಗಿಯೇ ಸಲ್ಲಿಸಬೇಕೆಂಬ ಹೊಸ ಕಟ್ಟಳೆ 1837ರಲ್ಲಿ ಸುಳ್ಯ ಸೀಮೆಯಿಂದ ಹೊರಟು ಮಂಗಳೂರಿನವರೆಗೆ ನುಗ್ಗಿದ ರೈತರ ದಂಗೆಗೆ ಕಾರಣಗಳಲ್ಲೊಂದಾಯಿತು. ದಂಗೆ ಅಡಗಿತು, ನಗದು ಕಂದಾಯ ಉಳಿಯಿತು. ಅಡಿಕೆ ಕೊಯ್ಲಾಗುವವರೆಗೆ ಕೈಯಲ್ಲಿ ಕಾಸಿಲ್ಲದ ತೋಟದವನು ವ್ಯಾಪಾರಿಯಿಂದ ಮುಂಗಡ ಪಡೆದು, ಆ ಋಣಕ್ಕೆ ಫಸಲನ್ನು ಅವನು ಹೇಳಿದ ಬೆಲೆಗೇ ಒಪ್ಪಿಸಬೇಕಾಗುತ್ತಿತ್ತು. ಸಾಲ ಬೆಳೆದರೆ ಆಸ್ತಿ ಅಡವು, ಅಡವು ಬಿಡಿಸಲಾಗದಿದ್ದರೆ ದಾವೆ, ದಾವೆಯ ಕೊನೆಗೆ ಹರಾಜು.

ಈ ಸರಣಿಯ ಕೊನೆಯ ಕೊಂಡಿ ನ್ಯಾಯಾಲಯ. ಅಲ್ಲಿ ನಿಂತ ವಕೀಲನಿಗೆ ರೈತನ ಕಷ್ಟ ಕಾಣುವುದು ಅದು ಕೈಮೀರಿದ ಮೇಲೆಯೇ. ಪತ್ರ ಬರೆದುಕೊಟ್ಟಾಗಿದೆ, ಸಹಿ ಬಿದ್ದಾಗಿದೆ. ಇನ್ನು ವಾಯಿದೆ ಕೇಳುವುದಷ್ಟೇ ಉಳಿದಿರುವ ಕೆಲಸ. ದಾವೆ ಹುಟ್ಟುವ ಮೊದಲೇ ಸಾಲದ ದಾರಿಯನ್ನು ಬದಲಿಸಬಲ್ಲ ಒಂದು ಕಾನೂನು ಅಷ್ಟರಲ್ಲಿ ಜಾರಿಗೆ ಬಂದಿತ್ತು. ಶಿವರಾಯರು ಅದನ್ನು ಕೈಗೆತ್ತಿಕೊಂಡರು.

1904ರ ಕಾಯಿದೆ

ಮದ್ರಾಸ್ ಸರಕಾರಕ್ಕಾಗಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಗ್ರಾಮೀಣ ಸಾಲ ಸಂಘಗಳನ್ನು ಅಧ್ಯಯನ ಮಾಡಿ 1890ರ ದಶಕದಲ್ಲಿ ವರದಿ ಸಲ್ಲಿಸಿದ್ದರು. ಅದರ ಬೆನ್ನಿಗೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಮುಂಬಯಿ ಪ್ರಾಂತ್ಯದಲ್ಲಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕನ್ನಡ ನಾಡಿನ ಮೊದಲ ಸಹಕಾರ ಸಂಘವನ್ನು ಸ್ಥಾಪಿಸಿದರು. ಕರಾವಳಿಯಲ್ಲಿಯೂ ಅದು ಹಣಕಾಸು ಸಂಸ್ಥೆಗಳು ಮೊಳೆಯುತ್ತಿದ್ದ ಕಾಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿಗೆ ಮೂಲವಾದ ಸಂಸ್ಥೆಯನ್ನೂ, ಮಂಗಳೂರಿನಲ್ಲಿ ವಕೀಲರೇ ಆಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನೂ ಆರಂಭಿಸಿದರು. ಆದರೆ ಪಟ್ಟಣದ ಬ್ಯಾಂಕು ಘಟ್ಟದ ಬುಡದ ಕೃಷಿಕನನ್ನು ತಲುಪುವುದು ಸುಲಭವಿರಲಿಲ್ಲ.

1909ರಲ್ಲಿ ಶಿವರಾಯರ ನೇತೃತ್ವದಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಆರಂಭವಾಯಿತು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ.

ಆ ಕಾಯಿದೆಯ ಸ್ವರೂಪವನ್ನು ಅರಿತರೆ ಈ ಕೆಲಸದ ಕಷ್ಟವೂ ಅರಿವಾಗುತ್ತದೆ. ಒಂದೇ ಊರಿನ ಅಥವಾ ನೆರೆಯೂರುಗಳ ಹತ್ತು ಮಂದಿ ವಯಸ್ಕರು ಸೇರಿ ಅರ್ಜಿ ಸಲ್ಲಿಸಿದರೆ ಸಂಘವನ್ನು ನೋಂದಾಯಿಸಬಹುದಿತ್ತು. ಗ್ರಾಮೀಣ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಕೃಷಿಕರಾಗಿರಬೇಕು. ಸಾಲ ಸದಸ್ಯರಿಗೆ ಮಾತ್ರ. ಲೆಕ್ಕಪತ್ರಗಳು ವರ್ಷಕ್ಕೊಮ್ಮೆ ರಿಜಿಸ್ಟ್ರಾರರ ಕಡೆಯಿಂದ ತಪಾಸಣೆಗೆ ಒಳಪಡಬೇಕು. ಹೆಚ್ಚು ಆಸ್ತಿಯುಳ್ಳವನಿಗೂ ಕಡಿಮೆ ಆಸ್ತಿಯವನಿಗೂ ಒಂದೇ ಮತ. ಎಲ್ಲಕ್ಕಿಂತ ಬಿಗಿಯಾದುದು ಹೊಣೆಗಾರಿಕೆಯ ನಿಯಮ. ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯ ಮಿತಿಯವರೆಗೂ ಬಾಧ್ಯನಾಗುತ್ತಿದ್ದನು.

ನೆರೆಯವನ ಸಾಲಕ್ಕೆ ತನ್ನ ತೋಟವನ್ನು ಹೊಣೆಯಾಗಿಸಲು ಯಾವ ರೈತನೂ ಸುಲಭವಾಗಿ ಒಪ್ಪಲಾರನು. ಕಾಗದಕ್ಕೆ ಸಹಿ ಹಾಕಿ ಆಸ್ತಿ ಕಳೆದುಕೊಂಡವರ ಕಥೆ ಊರೂರಿನಲ್ಲಿದ್ದ ಕಾಲದಲ್ಲಿ ಮತ್ತೊಂದು ಕಾಗದಕ್ಕೆ ಸಹಿ ಹಾಕಿಸಬೇಕಾಗಿತ್ತು. ಉಪನಿಯಮವೆಂದರೇನು, ಮಹಾಸಭೆಯ ಅಧಿಕಾರವೇನು, ಸಾಲ ಮಂಜೂರು ಮಾಡುವ ಸಮಿತಿ ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಜನರ ಮಾತಿನಲ್ಲಿ ವಿವರಿಸಬಲ್ಲವರು ಬೇಕಾಗಿತ್ತು. ವಕೀಲಿಯ ತಿಳಿವಳಿಕೆ ಇಲ್ಲಿ ಉಪಯೋಗಕ್ಕೆ ಬಂದಿತು. ಒಂದು ಸಂಘದಿಂದ ಮತ್ತೊಂದು ಸಂಘ ಹುಟ್ಟಿ, ಚಳವಳಿ ಜಿಲ್ಲೆಯ ಹಳ್ಳಿಗಳಿಗೆ ಹರಡಿತು.

ಜಿಲ್ಲೆಗೊಂದು ಬ್ಯಾಂಕು

ಬಿಡಿ ಸಂಘಗಳಿಗೆ ಬೇಗನೆ ಎದುರಾದ ಪ್ರಶ್ನೆ ಬಂಡವಾಳದ್ದು. ಬಿತ್ತನೆಯ ಕಾಲದಲ್ಲಿ ಊರಿನ ಎಲ್ಲರಿಗೂ ಒಮ್ಮೆಲೇ ಹಣ ಬೇಕು; ಕೊಯ್ಲಿನ ಬಳಿಕ ಹಣ ಸುಮ್ಮನೆ ಕುಳಿತಿರುತ್ತದೆ. ಒಂದೆಡೆಯ ಉಳಿತಾಯ ಮತ್ತೊಂದೆಡೆಯ ಕೊರತೆಯನ್ನು ತುಂಬಬೇಕಾದರೆ ಸಂಘಗಳ ಮೇಲೊಂದು ಸಂಸ್ಥೆ ಬೇಕು. 1904ರ ಕಾಯಿದೆಯಲ್ಲಿ ಇದಕ್ಕೆ ಸರಿಯಾದ ಎಡೆಯಿರಲಿಲ್ಲ. 1912ರ ಹೊಸ ಸಹಕಾರ ಸಂಘಗಳ ಕಾಯಿದೆ ಸಂಘಗಳೇ ಸದಸ್ಯರಾಗುವ ಕೇಂದ್ರ ಸಂಸ್ಥೆಗಳಿಗೆ ಅವಕಾಶ ನೀಡಿತು.

ಆ ಅವಕಾಶ ದೊರೆತ ಒಂದೆರಡು ವರ್ಷಗಳಲ್ಲೇ, 1913-14ರಲ್ಲಿ, ಪುತ್ತೂರಿನಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. ಅದರ ಸ್ಥಾಪಕರು ಶಿವರಾಯರು. ಜಿಲ್ಲಾ ಕೇಂದ್ರವಾದ ಮಂಗಳೂರನ್ನು ಬಿಟ್ಟು ಒಳನಾಡಿನ ಸಣ್ಣ ಪೇಟೆಯೊಂದರಲ್ಲಿ ಜಿಲ್ಲಾ ಬ್ಯಾಂಕು ಹುಟ್ಟಿತು ಎಂಬುದು ಇಂದಿಗೂ ಗಮನಾರ್ಹ. ಅದರ ಪ್ರಧಾನ ಕಚೇರಿ ಅನಂತರ ಮಂಗಳೂರಿಗೆ ಸ್ಥಳಾಂತರಗೊಂಡಿತು. ಎಸ್‌ಸಿಡಿಸಿಸಿ ಬ್ಯಾಂಕು ಎಂದು ಜನರ ಬಾಯಲ್ಲಿರುವ ಸಂಸ್ಥೆ ಇದೇ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳೆರಡರಲ್ಲೂ ವ್ಯವಹರಿಸುವ ಈ ಬ್ಯಾಂಕು ತನ್ನ ಶತಮಾನವನ್ನು ಪೂರೈಸಿದೆ.

ತಾಲ್ಲೂಕು ಬೋರ್ಡಿನಲ್ಲಿ

ಶಿವರಾಯರ ಸಾರ್ವಜನಿಕ ಜೀವನದ ಇನ್ನೊಂದು ಮುಖ ಸ್ಥಳೀಯ ಆಡಳಿತ. 1884ರ ಮದ್ರಾಸ್ ಸ್ಥಳೀಯ ಮಂಡಳಿಗಳ ಕಾಯಿದೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು ಮತ್ತು ಯೂನಿಯನ್ ಎಂಬ ಮೂರು ಹಂತಗಳನ್ನು ರಚಿಸಿತ್ತು. ಭೂಮಿಯ ಮೇಲಿನ ಸೆಸ್ಸು ಅವುಗಳ ಮುಖ್ಯ ಆದಾಯ. ರಸ್ತೆ, ಶಾಲೆ, ಆಸ್ಪತ್ರೆ, ಬಾವಿ, ಕಡವುಗಳೆಲ್ಲ ಅವುಗಳ ಹೊಣೆ. ಮೊದಮೊದಲು ಕಂದಾಯ ಅಧಿಕಾರಿಗಳೇ ಅವುಗಳ ಅಧ್ಯಕ್ಷರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದೀಚೆಗೆ, ವಿಶೇಷವಾಗಿ 1920ರ ಹೊಸ ಕಾಯಿದೆಯ ತರುವಾಯ, ಆ ಸ್ಥಾನಗಳು ಸರಕಾರಿ ನೌಕರರಲ್ಲದವರ ಕೈಸೇರಿದವು. ಹೀಗೆ ಮುಂದೆ ಬಂದ ಸಾರ್ವಜನಿಕರಲ್ಲಿ ಶಿವರಾಯರೂ ಒಬ್ಬರು. ಅವರು ಪುತ್ತೂರು ತಾಲ್ಲೂಕು ಬೋರ್ಡಿನ ಅಧ್ಯಕ್ಷರಾದರು. ಜಿಲ್ಲಾ ಶಿಕ್ಷಣ ಮಂಡಳಿಯ ಅಧ್ಯಕ್ಷತೆಯನ್ನೂ ವಹಿಸಿದರು.

ಈ ಅಧಿಕಾರವನ್ನು ಅವರು ಹೆಚ್ಚಾಗಿ ವಿನಿಯೋಗಿಸಿದ್ದು ಶಾಲೆಗಳಿಗಾಗಿ. ಕಾಡುಹಾದಿಯ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಗಳು ತೆರೆಯಲು ಅವರು ಕಾರಣರಾದರು. ಪುತ್ತೂರಿನ ಕೊಂಬೆಟ್ಟಿನಲ್ಲಿ 1916ರಲ್ಲಿ ಆರಂಭವಾದ ಬೋರ್ಡ್ ಹೈಸ್ಕೂಲಿನ ಹಿಂದೆಯೂ ಅವರ ಶ್ರಮವಿದೆ. ಪ್ರೌಢಶಿಕ್ಷಣಕ್ಕೆ ಮಂಗಳೂರಿಗೇ ಹೋಗಬೇಕಾಗಿದ್ದ ಮಕ್ಕಳಿಗೆ ಆ ಶಾಲೆ ಹತ್ತಿರದ ಬಾಗಿಲಾಯಿತು. ಸಹಕಾರಕ್ಕೂ ಶಾಲೆಗೂ ಇಲ್ಲಿ ನಿಕಟ ನಂಟಿದೆ. ಲೆಕ್ಕದ ಪುಸ್ತಕವನ್ನು ಓದಲಾರದ ಸದಸ್ಯನು ಮಹಾಸಭೆಯಲ್ಲಿ ಏನನ್ನು ಪ್ರಶ್ನಿಸಿಯಾನು? ಓದುಬರಹ ಬಲ್ಲ ಹಳ್ಳಿ ಇಲ್ಲದಿದ್ದರೆ ಅತ್ಯುತ್ತಮ ಉಪನಿಯಮವೂ ಕಪಾಟಿನಲ್ಲೇ ಉಳಿಯುತ್ತದೆ.

ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿ ತಮ್ಮ ಪ್ರಯೋಗಗಳನ್ನು ನಡೆಸಿದುದಕ್ಕೂ ಶಿವರಾಯರ ಬೆಂಬಲವಿತ್ತು. ಪುತ್ತೂರಿನ ದಸರಾ ನಾಡಹಬ್ಬ ಈ ಇಬ್ಬರ ಸ್ನೇಹದ ಫಲ. ವಯಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಿರಿಯರಾದ, ಯಾವ ಕಟ್ಟುಪಾಡಿಗೂ ಬಗ್ಗದ ಕಾರಂತರಿಗೆ ನಿಯಮಾವಳಿಯ ಮನುಷ್ಯರಾದ ಶಿವರಾಯರು ಆಸರೆಯಾಗಿ ನಿಂತುದು ಅವರ ಮನಸ್ಸಿನ ವೈಶಾಲ್ಯಕ್ಕೆ ಸಾಕ್ಷಿ.

ಮಿತಿಗಳು

ಶಿವರಾಯರ ಸಾಧನೆಯನ್ನು ನೆನೆಯುವಾಗ ಆ ಕಾಲದ ಮಿತಿಯನ್ನು ಮರೆಯಲಾಗದು. ಸಹಕಾರ ಸಂಘದ ಸಾಲಕ್ಕೆ ಭದ್ರತೆ ಬೇಕು, ಭದ್ರತೆಯೆಂದರೆ ಭೂಮಿ. ದಕ್ಷಿಣ ಕನ್ನಡದಲ್ಲಿ ಭೂಮಿಯ ಹಕ್ಕು ವರ್ಗದಾರರದು. ಅವರ ಕೆಳಗೆ ಮೂಲಗೇಣಿದಾರರು, ಅವರಿಗೂ ಕೆಳಗೆ ವರ್ಷದಿಂದ ವರ್ಷಕ್ಕೆ ಒಕ್ಕಲೆಬ್ಬಿಸುವ ಭಯದಲ್ಲಿದ್ದ ಚಾಲಗೇಣಿಯ ಒಕ್ಕಲುಗಳು. ಗದ್ದೆಯನ್ನು ಉತ್ತು ಬಿತ್ತಿದವನ ಹೆಸರಿನಲ್ಲಿ ಅಡವಿಡಲು ಏನೂ ಇರಲಿಲ್ಲ. ಹೀಗಾಗಿ ಸಹಕಾರದ ಮೊದಲ ದಶಕಗಳ ಪ್ರಯೋಜನ ಹೆಚ್ಚಾಗಿ ಸ್ವಂತ ತೋಟವುಳ್ಳವರಿಗೆ ಸಂದಿತು. ಒಬ್ಬನಿಗೆ ಒಂದು ಮತವೆಂಬ ನಿಯಮ ಸಂಘದ ಒಳಗಿತ್ತೇ ಹೊರತು, ಸಂಘದ ಹೊಸ್ತಿಲು ಎಲ್ಲರಿಗೂ ಒಂದೇ ಎತ್ತರದಲ್ಲಿರಲಿಲ್ಲ.

ಈ ಅಡ್ಡಿ ಬಹುಮಟ್ಟಿಗೆ ನೀಗಿದ್ದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ. ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಅವರಿಗೆ ಸಾಲ ನೀಡಲು ಊರೂರುಗಳಲ್ಲಿ ಸಹಕಾರ ಸಂಘಗಳು ಸಿದ್ಧವಾಗಿದ್ದವು. ಅದನ್ನು ನೋಡಲು ಶಿವರಾಯರು ಇರಲಿಲ್ಲ. ಸುಮಾರು 87 ವರ್ಷಗಳ ತುಂಬು ಜೀವನ ನಡೆಸಿ 1967ರಲ್ಲಿ ಅವರು ನಿಧನರಾಗಿದ್ದರು.

ಉಳಿದುದು, ಅಳಿದುದು

ಅವರು ದುಡಿದ ಎರಡು ಬಗೆಯ ಸಂಸ್ಥೆಗಳ ಮುಂದಿನ ಗತಿ ಬೇರೆಬೇರೆಯಾಯಿತು. ತಾಲ್ಲೂಕು ಬೋರ್ಡುಗಳನ್ನು ಮದ್ರಾಸ್ ಸರಕಾರವು 1934ರಲ್ಲಿ ರದ್ದುಪಡಿಸಿತು. ಸರಕಾರ ಕೊಟ್ಟ ಅಧಿಕಾರವನ್ನು ಸರಕಾರವೇ ಹಿಂದಕ್ಕೆ ಪಡೆಯಿತು. ಹಳ್ಳಿಯವರು ತಮ್ಮ ಪಾಲು ಹಣ ಹಾಕಿ, ತಮ್ಮ ಆಸ್ತಿಯನ್ನೇ ಹೊಣೆಯಾಗಿಸಿ ಕಟ್ಟಿದ ಸಂಘಗಳು ಮಾತ್ರ ಉಳಿದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1959ರಲ್ಲಿ ಹೊಸ ಸಹಕಾರ ಕಾಯಿದೆ ಬಂದಿತು. ಕಾನೂನು ಬದಲಾದರೂ ಸಂಘಗಳ ಬೇರು ಸಡಿಲವಾಗಲಿಲ್ಲ. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟು ಕಾರ್ಖಾನೆ ತಲೆಯೆತ್ತಿತು. ಸಹಕಾರವೆಂದರೆ ನಂಬಬಹುದಾದ ಮಾರ್ಗವೆಂಬ ಅನುಭವ ಜನರಲ್ಲಿ ಮೊದಲೇ ಇದ್ದುದರಿಂದ ಆ ಸಾಹಸಕ್ಕೆ ನೆಲ ಹದವಾಗಿತ್ತು.

ಸ್ಥಳೀಯ ಆಡಳಿತಕ್ಕೆ 73ನೆಯ ತಿದ್ದುಪಡಿಯಿಂದ ಸಂವಿಧಾನದ ರಕ್ಷಣೆ ದೊರೆತುದು ಬಹಳ ತಡವಾಗಿ. ಅದರ ಮೇರೆಗೆ ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯಿದೆ ಬಂದಿತು. 2011ರ 97ನೆಯ ತಿದ್ದುಪಡಿ ಸಹಕಾರ ಸಂಘ ರಚಿಸುವುದನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಅದೇ ತಿದ್ದುಪಡಿಯು ಸಹಕಾರ ಸಂಘಗಳ ಆಡಳಿತದ ಬಗ್ಗೆ ಸೇರಿಸಿದ್ದ ಭಾಗವನ್ನು, ರಾಜ್ಯಗಳ ಶಾಸನಸಭೆಗಳ ಅನುಮೋದನೆ ಪಡೆದಿರಲಿಲ್ಲವೆಂಬ ಕಾರಣದಿಂದ, 2021ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳ ಸಂಘಗಳ ಮಟ್ಟಿಗೆ ಅಸಿಂಧುಗೊಳಿಸಿತು. ಸಂಘ ಯಾರದು, ಅದರ ಮೇಲೆ ಅಂಕುಶ ಯಾರ ಕೈಯಲ್ಲಿರಬೇಕು ಎಂಬ ವಾದ ಇನ್ನೂ ಮುಗಿದಿಲ್ಲ.

ಪಂಚಾಯತಿಗಳಿಗೂ ಸಹಕಾರ ಸಂಘಗಳಿಗೂ ಕಾನೂನು ಸಲಹೆ ನೀಡುವ ಇಂದಿನ ವಕೀಲರು ಉತ್ತಮ ಆಡಳಿತದ ಬಗ್ಗೆ ಚರ್ಚಿಸುವಾಗ ಶಿವರಾಯರ ಜೀವನವನ್ನು ಒಮ್ಮೆ ತಿರುವಿನೋಡಬಹುದು. ಸಕಾಲಕ್ಕೆ ಕರೆದ ಮಹಾಸಭೆ, ಎಲ್ಲರೂ ನೋಡಬಹುದಾದ ಲೆಕ್ಕಪುಸ್ತಕ, ವರ್ಷ ತಪ್ಪದ ತಪಾಸಣೆ, ಊರಿಗೊಂದು ಶಾಲೆ: ಅವರ ಕಾಲದ ಉತ್ತಮ ಆಡಳಿತಕ್ಕೆ ಇವೇ ಆಧಾರಸ್ತಂಭಗಳು. ಪುತ್ತೂರು, ಸುಳ್ಯ, ಕಡಬಗಳ ಹಳ್ಳಿಗಳಲ್ಲಿ ಇಂದಿಗೂ ಮಳೆಗಾಲಕ್ಕೆ ಮುಂಚೆ ರೈತನು ಬೆಳೆಸಾಲಕ್ಕಾಗಿ ಸಂಘದ ಮೆಟ್ಟಿಲೇರುತ್ತಾನೆ. ಅವನ ಅಜ್ಜನ ಕಾಲದಲ್ಲಿ ಅದೇ ಹಣಕ್ಕಾಗಿ ಏರಬೇಕಾಗಿದ್ದುದು ವ್ಯಾಪಾರಿಯ ಜಗಲಿ, ಕೊನೆಗೆ ನ್ಯಾಯಾಲಯದ ಕಟ್ಟೆ. ಆ ದಾರಿಯನ್ನು ತಪ್ಪಿಸಿದವರಲ್ಲಿ ನ್ಯಾಯಾಲಯದಲ್ಲೇ ಅನ್ನ ಸಂಪಾದಿಸುತ್ತಿದ್ದ ಒಬ್ಬ ವಕೀಲರು ಮೊದಲಿಗರಾಗಿದ್ದರು.