ಅಜ್ಜಮಾಡ ಬಿ. ದೇವಯ್ಯ

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ (24 ಡಿಸೆಂಬರ್ 1932 – 7 ಸೆಪ್ಟೆಂಬರ್ 1965) ಅವರು ಕರ್ನಾಟಕದ ಕೊಡಗು ಜಿಲ್ಲೆಯವರಾದ ಭಾರತೀಯ ವಾಯುಪಡೆಯ ಯುದ್ಧವಿಮಾನ ಚಾಲಕರು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯ ವೇಳೆ ವೀರಮರಣವನ್ನಪ್ಪಿದರು. ಮರಣದ 23 ವರ್ಷಗಳ ನಂತರ, 1988ರಲ್ಲಿ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಪ್ರದಾನ ಮಾಡಲಾಯಿತು. ಇದು ಯುದ್ಧಕಾಲದ ಶೌರ್ಯಕ್ಕೆ ನೀಡುವ ದೇಶದ ಎರಡನೆಯ ಅತ್ಯುನ್ನತ ಪದಕವಾಗಿದೆ.

ಜನನ ಮತ್ತು ವೃತ್ತಿ

ದೇವಯ್ಯನವರು ಕೊಡವ ಸಮುದಾಯದ ಅಜ್ಜಮಾಡ ಮನೆತನದಲ್ಲಿ ಜನಿಸಿದರು. ಆಗ ಕೊಡಗು ಬ್ರಿಟಿಷ್ ಆಡಳಿತದ ಪ್ರತ್ಯೇಕ ಪ್ರಾಂತ್ಯವಾಗಿತ್ತು. 1954ರಲ್ಲಿ ವಾಯುಪಡೆಗೆ ಸೇರಿ ಪೈಲಟ್ ಆದರು. ಯುದ್ಧದ ಆರಂಭದಲ್ಲಿ ಅವರು ವಾಯುಪಡೆಯ ವೈಮಾನಿಕ ಕಾಲೇಜಿನಲ್ಲಿ ತರಬೇತುದಾರರಾಗಿದ್ದರು. ನಂತರ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು. ಈ ಸ್ಕ್ವಾಡ್ರನ್ ಫ್ರಾನ್ಸ್ ನಿರ್ಮಿತ ಮಿಸ್ಟೇರ್ ವಿಮಾನಗಳನ್ನು ಬಳಸುತ್ತಿತ್ತು.

ಸರ್ಗೋಧಾ ದಾಳಿ

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿ ನಡೆಸಿದವು. ಮರುದಿನ ಮುಂಜಾನೆ ವಿಂಗ್ ಕಮಾಂಡರ್ ಓ. ಪಿ. ತನೇಜಾ ನೇತೃತ್ವದಲ್ಲಿ 12 ಮಿಸ್ಟೇರ್‌ಗಳು ಸರ್ಗೋಧಾದ ಮೇಲೆ ದಾಳಿ ಮಾಡುವುದೆಂದು ನಿರ್ಧಾರವಾಯಿತು. ದೇವಯ್ಯನವರು ಮೀಸಲು ಪೈಲಟ್ ಆಗಿದ್ದರು. ತಂಡದ ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನವನ್ನು ತುಂಬುವುದು ಅವರ ಹೊಣೆಯಾಗಿತ್ತು. ಅಂದು ಅವರು ದಾಳಿಯ ತಂಡವನ್ನು ಸೇರಿಕೊಂಡರು.

ಸರ್ಗೋಧಾ ಮಿಸ್ಟೇರ್‌ನ ಹಾರಾಟ ವ್ಯಾಪ್ತಿಯ ಅಂಚಿನಲ್ಲಿತ್ತು. ಹೀಗಾಗಿ ದಾಳಿಯ ನಂತರ ದೀರ್ಘ ಕಾದಾಟಕ್ಕೆ ನಿಂತರೆ ಮರಳಲು ಇಂಧನ ಸಾಲದಾಗುವ ಅಪಾಯವಿತ್ತು. ಹಿಂದಿರುಗುವ ಹಾದಿಯಲ್ಲಿ ದೇವಯ್ಯನವರ ವಿಮಾನವನ್ನು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಚಲಾಯಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್ ಅಡ್ಡಗಟ್ಟಿತು. ಅಮೆರಿಕ ನಿರ್ಮಿತ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದಾಗಿತ್ತು; ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ತಮ್ಮ ವಿಮಾನಕ್ಕೆ ಗುಂಡು ತಗುಲಿದ ಮೇಲೂ ದೇವಯ್ಯನವರು ತಿರುಗಿ ಹೋರಾಡಿ, ಸ್ಟಾರ್‌ಫೈಟರನ್ನು ಗುಂಡಿನಿಂದ ಹೊಡೆದುರುಳಿಸಿದರು. ಹುಸೇನ್ ಪ್ಯಾರಾಚೂಟ್ ಮೂಲಕ ಪಾರಾದರು. ದೇವಯ್ಯನವರು ಪಾಕಿಸ್ತಾನದ ನೆಲದಲ್ಲೇ ಮೃತಪಟ್ಟರು. ಆಗ ಅವರಿಗೆ 32 ವರ್ಷ ವಯಸ್ಸು.

ತಡವಾಗಿ ತಿಳಿದ ಸಾಹಸ

ಈ ಕಾದಾಟವನ್ನು ಸಹ ಪೈಲಟ್‌ಗಳು ಯಾರೂ ಕಂಡಿರಲಿಲ್ಲ. ಆದಂಪುರಕ್ಕೆ ಮರಳದ ದೇವಯ್ಯನವರನ್ನು ಕಾಣೆಯಾದವರೆಂದು ದಾಖಲಿಸಲಾಯಿತು. ಪಾಕಿಸ್ತಾನದ ವಾಯುಪಡೆಯ ಯುದ್ಧ ಕಾರ್ಯಾಚರಣೆಗಳ ಕುರಿತು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನೊಡನೆ ಕಾದಾಡಿ ಉರುಳಿದ ವಿವರ ಅದರಲ್ಲಿತ್ತು. ಆ ದಿನ ಮರಳದೇ ಉಳಿದ ಮಿಸ್ಟೇರ್ ದೇವಯ್ಯನವರದ್ದಾಗಿದ್ದರಿಂದ, ಆ ಪೈಲಟ್ ಅವರೇ ಎಂಬುದು ಸ್ಪಷ್ಟವಾಯಿತು. ದಾಳಿಯ ನೇತೃತ್ವ ವಹಿಸಿದ್ದ ತನೇಜಾ ಅವರು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಪರಿಣಾಮವಾಗಿ ಘೋಷಣೆಯಾದ ಮಹಾವೀರ ಚಕ್ರವನ್ನು ಅವರ ಪತ್ನಿ ಸ್ವೀಕರಿಸಿದರು.

ಸ್ಮರಣೆ

ಮಡಿಕೇರಿಯ ವೃತ್ತವೊಂದಕ್ಕೆ ದೇವಯ್ಯನವರ ಹೆಸರಿಡಲಾಗಿದೆ. 2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ಸ್ಕೈ ಫೋರ್ಸ್ ಸರ್ಗೋಧಾ ದಾಳಿಯನ್ನು ಆಧರಿಸಿದೆ. ಅದರಲ್ಲಿ ವೀರ್ ಪಹಾರಿಯಾ ನಿರ್ವಹಿಸಿದ ಪಾತ್ರಕ್ಕೆ ದೇವಯ್ಯನವರ ಜೀವನವೇ ಪ್ರೇರಣೆ.