ತನ್ನ ಕೊರತೆಯನ್ನು ತಾನೇ ಅಳೆದ ಆಟಗಾರ: ಟೆಡ್ ವಿಲಿಯಮ್ಸ್

ಮಳೆಗಾಲ ಕಳೆದು ಗದ್ದೆಗಳ ಕೊಯ್ಲು ಮುಗಿಯಿತೆಂದರೆ ಬೈಂದೂರಿನಿಂದ ಕುಂದಾಪುರದ ಮಾರ್ಗವಾಗಿ ಬ್ರಹ್ಮಾವರದವರೆಗೆ, ಬಯಲು ಕಂಡಲ್ಲೆಲ್ಲ ಬಾಲಕರು ಟೆನಿಸ್ ಚೆಂಡಿನ ಕ್ರಿಕೆಟ್ ಹೂಡುವುದು ನಮಗೆಲ್ಲ ಪರಿಚಿತವಾದ ನೋಟ. ಯಾರು ಎಷ್ಟು ಓಟ ಗಳಿಸಿದರೆಂಬ ಲೆಕ್ಕ ಅಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಯಾವ ಎತ್ತರದ, ಯಾವ ಪಕ್ಕದ ಚೆಂಡಿಗೆ ಯಾರು ತಡವರಿಸುತ್ತಾರೆಂಬ ಲೆಕ್ಕ ಇಡುವವರು ವಿರಳ. ಈ ಎರಡನೆಯ ಲೆಕ್ಕವನ್ನು ಶಾಸ್ತ್ರದ ಮಟ್ಟಕ್ಕೇರಿಸಿದವರು, ಕ್ರಿಕೆಟಿನ ದಾಯಾದಿಯೆನ್ನಬಹುದಾದ ಬೇಸ್‌ಬಾಲ್ ಆಟದ ಅಮೆರಿಕದ ದಾಂಡಿಗ ಟೆಡ್ ವಿಲಿಯಮ್ಸ್.

ಅವರು ಜನಿಸಿದ್ದು 1918ರ ಆಗಸ್ಟ್ 30ರಂದು, ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದಲ್ಲಿ. ತಾಯಿ ಸಾಲ್ವೇಶನ್ ಆರ್ಮಿಯ ಸೇವೆಯಲ್ಲಿ ಹಗಲಿರುಳು ತೊಡಗಿದ್ದರು. ಬಾಲಕನ ಬಹುಪಾಲು ಕಾಲ ನೆರೆಯ ಆಟದ ಬಯಲಿನಲ್ಲೇ ಕಳೆಯಿತು. 1938ರಲ್ಲಿ, ಇನ್ನೂ ಕೆಳಹಂತದ ತಂಡದಲ್ಲಿದ್ದಾಗ, ಹಿರಿಯ ಆಟಗಾರ ರೋಜರ್ಸ್ ಹಾರ್ನ್ಸ್‌ಬಿಯವರಿಂದ ಅವರಿಗೆ ಒಂದು ಉಪದೇಶ ದೊರೆಯಿತು. ಹೊಡೆಯಲು ಯೋಗ್ಯವಾದ ಚೆಂಡಿಗಾಗಿ ಕಾಯಬೇಕು ಎಂಬುದೇ ಅದರ ಸಾರ. ಅವರ ಜೀವನವೆಲ್ಲ ಈ ಒಂದು ಮಾತಿನ ವಿಸ್ತಾರವೆಂದರೆ ತಪ್ಪಾಗಲಾರದು.

1939ರಲ್ಲಿ ಅವರು ಬಾಸ್ಟನ್ ರೆಡ್ ಸಾಕ್ಸ್ ತಂಡವನ್ನು ಸೇರಿದರು. 1941ರ ಕೊನೆಯ ದಿನದ ಹೊತ್ತಿಗೆ 448 ಸರದಿಗಳಲ್ಲಿ 179 ಯಶಸ್ವಿ ಹೊಡೆತಗಳು ಅವರ ಹೆಸರಿನಲ್ಲಿದ್ದವು. ಸರಾಸರಿ .39955, ಸುತ್ತಿ ಬರೆದರೆ.400. ಅಂದು ಆಡದೆ ಕುಳಿತಿದ್ದರೂ ಆ ಅಪೂರ್ವ ಕೀರ್ತಿ ಕೈಸೇರುತ್ತಿತ್ತು. ಆದರೆ ಅವರು ಎರಡೂ ಪಂದ್ಯಗಳನ್ನು ಆಡಿ, 8 ಸರದಿಗಳಲ್ಲಿ 6 ಹೊಡೆತ ಗಳಿಸಿ .406ಕ್ಕೆ ಏರಿದರು. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಆ ಬಳಿಕ ಯಾರೂ .400ನ್ನು ಮುಟ್ಟಿಲ್ಲ. ಎರಡನೆಯ ಮಹಾಯುದ್ಧವು ಅವರ ಮೂರು ಋತುಗಳನ್ನು ನುಂಗಿತು. ಕೊರಿಯಾ ಯುದ್ಧದಲ್ಲಿ ವಿಮಾನಚಾಲಕರಾಗಿ 39 ಕಾರ್ಯಾಚರಣೆಗಳಲ್ಲಿ ಭಾಗವಹಿಸಿದರು. 1960ರಲ್ಲಿ, ತಮ್ಮ ಕಟ್ಟಕಡೆಯ ಸರದಿಯಲ್ಲಿ, 521ನೆಯ ಹೋಮ್ ರನ್ ಬಾರಿಸಿ ನಿವೃತ್ತರಾದರು.

ಅವರ ಹೆಸರನ್ನು ಉಳಿಸಿದ ಇನ್ನೊಂದು ಕಾರ್ಯ, 1970ರ ದಶಕದ ಆರಂಭದಲ್ಲಿ ಜಾನ್ ಅಂಡರ್‌ವುಡ್ ಅವರೊಡನೆ ಹೊರತಂದ ಹೊಡೆತದ ಶಾಸ್ತ್ರದ ಗ್ರಂಥ. ಬೇಸ್‌ಬಾಲಿನಲ್ಲಿ ನೆಲದ ಹಲಗೆಯ ಅಗಲಕ್ಕೆ, ಎದೆಯ ಮಟ್ಟದಿಂದ ಮೊಣಕಾಲಿನವರೆಗೆ ಹಬ್ಬಿದ ಕಾಲ್ಪನಿಕ ಚೌಕಟ್ಟೇ ಸ್ಟ್ರೈಕ್ ವಲಯ. ವಿಲಿಯಮ್ಸ್ ಅದನ್ನು ಅಡ್ಡಕ್ಕೆ 7, ಉದ್ದಕ್ಕೆ 11ರಂತೆ 77 ಚೆಂಡುಗಳಿಂದ ತುಂಬಿಸಿ, ಒಂದೊಂದು ತಾಣದಲ್ಲೂ ತಮ್ಮಿಂದ ಸಾಧ್ಯವಾಗುವ ಸರಾಸರಿಯನ್ನು ಬರೆದರು. ನಡುವಿನ ಚೆಂಡಿಗೆ .400, ಹೊರಪಕ್ಕದ ಕೆಳಮೂಲೆಗೆ ಬರಿಯ.230. ಇವು ಎಣಿಸಿ ಪಡೆದ ಅಂಕಿಗಳಲ್ಲ, ಅನುಭವದ ಅಂದಾಜು. ಆದರೂ ತನ್ನ ದುರ್ಬಲ ಮೂಲೆಯನ್ನು ಲೋಕಕ್ಕೆ ತೋರಿಸಿಕೊಡಲು ಎಷ್ಟು ಮಂದಿ ಪ್ರಸಿದ್ಧರು ಒಪ್ಪಿಯಾರು?

ಇಬ್ಬರು ದಾಂಡಿಗರ ಒಟ್ಟು ಸರಾಸರಿ ಒಂದೇ ಆಗಿರಬಹುದು. ಒಬ್ಬನು ಎತ್ತರದ ಚೆಂಡಿಗೆ ಪ್ರಬಲ, ಇನ್ನೊಬ್ಬನು ತಗ್ಗಿನ ಚೆಂಡಿಗೆ. ಪಟಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಈ ಭೇದ ತಿಳಿಯುತ್ತದೆ. 2000ದ ದಶಕದ ಉತ್ತರಾರ್ಧದಿಂದ ಅಮೆರಿಕದ ಮೈದಾನಗಳಲ್ಲಿ ಕ್ಯಾಮೆರಾಗಳು ಪ್ರತಿ ಎಸೆತದ ನೆಲೆಯನ್ನು ಅಳೆಯತೊಡಗಿದ ಮೇಲೆ ಇಂಥ ಪಟ ಪ್ರತಿಯೊಬ್ಬ ಆಟಗಾರನಿಗೂ ಸಿದ್ಧವಾಗುತ್ತಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಒಂದು ತಾಣಕ್ಕೆ ನಾಲ್ಕೈದು ಚೆಂಡುಗಳಷ್ಟೇ ಬಂದಿದ್ದರೆ ಅಲ್ಲಿನ ಸರಾಸರಿ ಆಕಸ್ಮಿಕವಾದೀತು. ಆದುದರಿಂದಲೇ ವಲಯವನ್ನು 9 ದೊಡ್ಡ ಭಾಗಗಳಾಗಿ ವಿಂಗಡಿಸುವ ರೂಢಿಯೂ ಇದೆ.

ಅರಿವಿದ್ದ ಮಾತ್ರಕ್ಕೆ ದೋಷ ನೀಗುವುದಿಲ್ಲವೆಂಬುದಕ್ಕೂ ಅವರ ಜೀವನವೇ ಸಾಕ್ಷಿ. 1946ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಲೂ ಬೌಡ್ರೊ ಕ್ಷೇತ್ರರಕ್ಷಕರನ್ನು ಬಲಬದಿಗೆ ಸರಿಸಿ ನಿಲ್ಲಿಸಿದಾಗ, ಎಡಗೈ ದಾಂಡಿಗರಾದ ವಿಲಿಯಮ್ಸ್ ತೆರವಾದ ಎಡಬದಿಗೆ ಹೊಡೆಯಲು ಬಹುಮಟ್ಟಿಗೆ ಒಲ್ಲೆನೆಂದರು. ಆ ವರ್ಷದ ವಿಶ್ವ ಸರಣಿಯಲ್ಲಿ 25 ಸರದಿಗಳಿಗೆ ಅವರಿಗೆ ದೊರೆತದ್ದು 5 ಹೊಡೆತ. ಅಭಿಮಾನವು ಅರಿವಿಗೆ ಅಡ್ಡಬಂದಿತು.

ಕ್ಯಾನ್ಸರ್ ಪೀಡಿತ ಮಕ್ಕಳ ಜಿಮ್ಮಿ ಫಂಡ್ ನಿಧಿಗೆ ಅವರು ದೀರ್ಘಕಾಲ ನೆರವಾದರು. 1966ರಲ್ಲಿ ಕೀರ್ತಿಮಂದಿರದ ಗೌರವ ಸ್ವೀಕರಿಸಿದಾಗ, ವರ್ಣಭೇದದಿಂದ ಹೊರಗುಳಿದಿದ್ದ ಕರಿಯ ಆಟಗಾರರಿಗೂ ಅಲ್ಲಿ ಸ್ಥಾನವಾಗಲೆಂದು ಕೋರಿದರು. 1971ರಲ್ಲಿ ಸ್ಯಾಚೆಲ್ ಪೇಜ್ ಅವರಿಗೆ ಆ ಸ್ಥಾನ ದೊರೆಯಿತು. 2002ರ ಜುಲೈ 5ರಂದು ವಿಲಿಯಮ್ಸ್ ಫ್ಲೋರಿಡದಲ್ಲಿ ನಿಧನರಾದರು.

ವರ್ಷಾಂತ್ಯದಲ್ಲಿ ವಿದ್ಯಾರ್ಥಿಯ ಒಟ್ಟು ಅಂಕವನ್ನಷ್ಟೇ ನೋಡಿ ಪಟ್ಟಿ ಮುಚ್ಚುವ ಅಧ್ಯಾಪಕರು ನಾವು. ಶೇಕಡ 60 ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಭಿನ್ನರಾಶಿ ಕಷ್ಟ, ಇನ್ನೊಬ್ಬಳಿಗೆ ವ್ಯಾಕರಣ ಕಷ್ಟ. ಆ ಮೂಲೆ ಯಾವುದೆಂದು ಮಗುವಿಗೇ ಕಾಣುವಂತೆ ಬರೆದುಕೊಟ್ಟರೆ, ತಿದ್ದಿಕೊಳ್ಳುವ ಕೆಲಸ ಅಲ್ಲಿಂದ ಆರಂಭವಾಗಬಹುದು.